ಡಿ.ಜೆ. ಎಂದರೆ ಪೆಟ್ಟಿಗೆಯಲ್ಲ, ಮನುಷ್ಯ

ಭಾದ್ರಪದ ಸಮೀಪಿಸುತ್ತಿದ್ದಂತೆ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಸುದ್ದಿಯೊಂದಿದೆ: ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಡಿ.ಜೆ. ಬಳಸುವಂತಿಲ್ಲ. ರಾಜಾಜಿನಗರದ ಬ್ಲಾಕುಗಳಲ್ಲಾಗಲಿ, ವಿಜಯನಗರದ ಅಡ್ಡರಸ್ತೆಗಳಲ್ಲಾಗಲಿ ಡಿ.ಜೆ. ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಟೆಂಪೊದಲ್ಲಿ ಒಂದರ ಮೇಲೊಂದು ಪೇರಿಸಿದ ಧ್ವನಿವರ್ಧಕ ಪೆಟ್ಟಿಗೆಗಳು, ಎದೆಗೆ ಗುದ್ದುವ ಸದ್ದು, ನಡುಗುವ ಕಿಟಕಿ ಗಾಜು. ‘ಈ ಸಲ ಡಿ.ಜೆ. ತರಿಸೋಣ’ ಎಂದು ಬಡಾವಣೆಯ ಹುಡುಗರು ಹೇಳಿದರೆ ಅದು ಬಾಡಿಗೆಗೆ ಸಿಗುವ ಸಾಮಾನಿನ ಮಾತೇ ಹೊರತು ಕರೆಸಬೇಕಾದ ಕಲಾವಿದನ ಮಾತಲ್ಲ.

ಆದರೆ ಆ ಎರಡಕ್ಷರಗಳ ಹಿಂದೆ ಇರುವುದು ಒಬ್ಬ ಮನುಷ್ಯ. ಡಿಸ್ಕ್ ಎಂದರೆ ಗ್ರಾಮಫೋನ್ ರೆಕಾರ್ಡು. ಜಾಕಿ ಎಂದರೆ ಕುದುರೆ ಸವಾರ. ರೆಕಾರ್ಡುಗಳನ್ನು ತನ್ನ ಹತೋಟಿಯಲ್ಲಿಟ್ಟುಕೊಂಡು ಓಡಿಸುವವನು ಡಿಸ್ಕ್ ಜಾಕಿ. ಮೊದಲು ಅಮೆರಿಕದ ರೇಡಿಯೋ ನಿರೂಪಕರಿಗೆ ಅಂಟಿಕೊಂಡಿದ್ದ ಈ ಹೆಸರು ಆಮೇಲೆ ನೃತ್ಯಶಾಲೆಗಳಲ್ಲಿ ರೆಕಾರ್ಡು ಹಾಕುವವರಿಗೂ ಬಂತು. ತಾನು ಹಾಡದೆ, ವಾದ್ಯ ನುಡಿಸದೆ, ಬೇರೆಯವರ ಹಾಡುಗಳನ್ನು ಒಂದರ ಹಿಂದೊಂದು ಜೋಡಿಸಿ ಜನರನ್ನು ಇರುಳಿಡೀ ಕುಣಿಸುವ ಈ ಕಸುಬಿನಿಂದಲೇ ‘ಹೌಸ್’ ಎಂಬ ಹೊಸ ಸಂಗೀತ ಪ್ರಕಾರವೊಂದು ಹುಟ್ಟಿತು. ಅದರಲ್ಲೂ ಹಾಡುಗಾರಿಕೆಗೆ ಹೆಚ್ಚು ಮನ್ನಣೆ ಕೊಡುವ ‘ಸೋಲ್‌ಫುಲ್ ಹೌಸ್’ ಎಂಬ ಕವಲಿನ ಚರಿತ್ರೆಯನ್ನು ನೋಡಿದರೆ, ನಾವಿಂದು ಡಿ.ಜೆ. ಎಂದು ಕರೆಯುತ್ತಿರುವುದಕ್ಕೂ ಆ ಕಸುಬಿಗೂ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ.

ಮೈಕ್‌ಸೆಟ್ಟಿನ ಹುಡುಗ

ಈ ಕಸುಬು ನಮಗೆ ತೀರ ಅಪರಿಚಿತವೇನಲ್ಲ. ಮದುವೆ ಮನೆಗಳಲ್ಲಿ, ಊರ ಜಾತ್ರೆಗಳಲ್ಲಿ ಮೈಕ್‌ಸೆಟ್ಟಿನ ಜೊತೆಗೆ ಬರುತ್ತಿದ್ದ ಹುಡುಗನನ್ನು ಹಿರಿಯ ಓದುಗರು ಬಲ್ಲರು. ಬೆಳಗಿನ ಜಾವ ದೇವರ ನಾಮ, ಬೀಗರು ಇಳಿಯುವ ಹೊತ್ತಿಗೆ ಸಿನಿಮಾ ಹಾಡು, ಮುಹೂರ್ತ ಹತ್ತಿರವಾದಾಗ ನಾದಸ್ವರ. ಯಾವ ಹೊತ್ತಿಗೆ ಯಾವ ರೆಕಾರ್ಡು ಹಾಕಬೇಕೆಂಬುದನ್ನು ಆತನಿಗೆ ಯಾರೂ ಬರೆದುಕೊಟ್ಟಿರುತ್ತಿರಲಿಲ್ಲ.

ಬಡಾವಣೆಗಳ ರಾಜ್ಯೋತ್ಸವ ವೇದಿಕೆಗಳ ವಾದ್ಯಗೋಷ್ಠಿಯವರದೂ ಇದೇ ಜಾಣತನ. ಮೊದಲು ಗಣಪತಿ ಸ್ತುತಿ, ನಂತರ ಮನೆಮಂದಿಗೆಲ್ಲ ಒಪ್ಪುವ ಹಳೆಯ ಚಿತ್ರಗೀತೆಗಳು, ಮಕ್ಕಳು ನಿದ್ದೆಗೆ ಜಾರುವ ಹೊತ್ತಿಗೆ ಯುವಕರು ಕುರ್ಚಿ ಬಿಟ್ಟೇಳುವಂಥ ಹಾಡು. ಸರದಿ ತಪ್ಪಿದರೆ ಒಳ್ಳೆಯ ಹಾಡೂ ಸಪ್ಪೆಯಾಗುತ್ತದೆ. ಹೌಸ್ ಸಂಗೀತದ ಡಿ.ಜೆ.ಗಳು ಮಾಡಿದ್ದು ಈ ಸರದಿಯ ಜಾಣತನವನ್ನೇ ಒಂದು ಕಲೆಯಾಗಿ ಬೆಳೆಸುವ ಕೆಲಸ.

ಗೋದಾಮಿನಲ್ಲಿ ಹುಟ್ಟಿದ ಹೆಸರು

ಕತೆ ಆರಂಭವಾಗುವುದು ನ್ಯೂಯಾರ್ಕಿನಲ್ಲಿ. 1970ರ ಫೆಬ್ರುವರಿಯಲ್ಲಿ ಡೇವಿಡ್ ಮ್ಯಾನ್‌ಕುಸೊ ಎಂಬುವರು ಬ್ರಾಡ್‌ವೇ ರಸ್ತೆಯ ತಮ್ಮ ವಾಸದ ಮಹಡಿಯಲ್ಲೇ ಗೆಳೆಯರನ್ನು ಸೇರಿಸಿ ರೆಕಾರ್ಡು ಹಾಕಿ ಕುಣಿಸುವ ಕೂಟ ಶುರುಮಾಡಿದರು. ‘ದಿ ಲಾಫ್ಟ್’ ಎಂದು ಹೆಸರಾದ ಈ ಕೂಟಕ್ಕೆ ಆಹ್ವಾನವಿದ್ದವರಿಗಷ್ಟೇ ಪ್ರವೇಶ. ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಕರಿಯರು, ಸ್ಪ್ಯಾನಿಷ್ ಮಾತಾಡುವ ಪೋರ್ಟೊರಿಕೊ ಮೂಲದವರು, ಸಲಿಂಗ ಪ್ರೇಮಿಗಳು, ಬಡವರು ಹೀಗೆ ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರೆಲ್ಲ ಅಲ್ಲಿ ಸೇರುತ್ತಿದ್ದರು. ಗಂಡಸರಿಬ್ಬರು ಜೊತೆಯಾಗಿ ಕುಣಿದರೆ ಪೊಲೀಸರು ಹಿಡಿಯಬಹುದಾಗಿದ್ದ ಕಾಲ ಆಗಿನ್ನೂ ಪೂರ್ತಿ ಮುಗಿದಿರಲಿಲ್ಲ ಎಂಬುದನ್ನು ನೆನಪಿಟ್ಟರೆ ಇಂಥ ಮಹಡಿಯೊಂದರ ಬೆಲೆ ಅರ್ಥವಾದೀತು.

ಈ ವಾತಾವರಣದಲ್ಲಿ ಕಸುಬು ಕಲಿತ ಇಬ್ಬರು ಕರಿಯ ಗೆಳೆಯರು ಲ್ಯಾರಿ ಲೆವಾನ್ ಮತ್ತು ಫ್ರಾಂಕಿ ನಕಲ್ಸ್. 1954ರಲ್ಲಿ ಹುಟ್ಟಿದ ಲೆವಾನ್ ಬ್ರೂಕ್ಲಿನ್‌ನವರು; 1955ರಲ್ಲಿ ಹುಟ್ಟಿದ ನಕಲ್ಸ್ ಬ್ರಾಂಕ್ಸ್‌ನವರು. ಹದಿಹರೆಯ ದಾಟುವ ಮೊದಲೇ ‘ದಿ ಗ್ಯಾಲರಿ’ ಎಂಬ ನೃತ್ಯಶಾಲೆಯಲ್ಲಿ ಸಹಾಯಕರಾಗಿ ಸೇರಿ, ಹಿರಿಯರು ರೆಕಾರ್ಡು ಬದಲಿಸುವುದನ್ನು ನೋಡಿ ನೋಡಿ ಕಲಿತರು. ನಮ್ಮ ಗ್ಯಾರೇಜುಗಳಲ್ಲಿ ಮೇಸ್ತ್ರಿಯ ಕೈಕೆಳಗೆ ಹುಡುಗರು ಕೆಲಸ ಕಲಿಯುವ ಹಾಗೆಯೇ ಇದು.

ಷಿಕಾಗೋದ ರಾಬರ್ಟ್ ವಿಲಿಯಮ್ಸ್ ಎಂಬುವರು ತಮ್ಮ ಊರಿನಲ್ಲೂ ಇಂಥದೊಂದು ಜಾಗ ತೆರೆಯಬೇಕೆಂದು ಮೊದಲು ಕೇಳಿದ್ದು ಲೆವಾನ್ ಅವರನ್ನು. ಅವರು ಒಪ್ಪಲಿಲ್ಲ. ಆ ಅವಕಾಶ ನಕಲ್ಸ್ ಪಾಲಿಗೆ ಬಂತು. 1977ರಲ್ಲಿ ಅವರು ಷಿಕಾಗೋಗೆ ಹೋಗಿ ಸೌತ್ ಜೆಫರ್ಸನ್ ಬೀದಿಯ 206ನೇ ಸಂಖ್ಯೆಯ ಹಳೆಯ ಕಟ್ಟಡದಲ್ಲಿ ರೆಕಾರ್ಡು ಹಾಕತೊಡಗಿದರು. ಜನ ಆ ಜಾಗವನ್ನು ‘ವೇರ್‌ಹೌಸ್’, ಅಂದರೆ ಗೋದಾಮು, ಎಂದು ಕರೆದರು. ಶನಿವಾರ ರಾತ್ರಿ ಶುರುವಾದ ಕುಣಿತ ಭಾನುವಾರ ಹೊತ್ತೇರಿದರೂ ಮುಗಿಯುತ್ತಿರಲಿಲ್ಲ. ಇಲ್ಲೂ ಮದ್ಯವಿಲ್ಲ, ಹಣ್ಣಿನ ರಸವಷ್ಟೆ. ‘ವೇರ್‌ಹೌಸ್‌ನಲ್ಲಿ ಹಾಕುವಂಥ ರೆಕಾರ್ಡು’ ಎಂಬುದು ಷಿಕಾಗೋದ ಅಂಗಡಿಗಳಲ್ಲಿ ಚಿಕ್ಕದಾಗಿ ‘ಹೌಸ್’ ರೆಕಾರ್ಡು ಎಂದಾಯಿತು. ಸಂಗೀತದ ಹೆಸರಿನ ಮೂಲ ಇದೇ ಎಂಬುದು ಹೆಚ್ಚು ಪ್ರಚಲಿತವಾದ ಅಭಿಪ್ರಾಯ.

ಅದೇ ಷಿಕಾಗೋದಲ್ಲಿ 1979ರ ಜುಲೈ 12ರಂದು ನಡೆದ ಘಟನೆಯೊಂದನ್ನು ಇಲ್ಲಿ ಹೇಳಲೇಬೇಕು. ಡಿಸ್ಕೊ ಸಂಗೀತವನ್ನು ದ್ವೇಷಿಸುತ್ತಿದ್ದ ರೇಡಿಯೋ ನಿರೂಪಕರೊಬ್ಬರು, ಡಿಸ್ಕೊ ರೆಕಾರ್ಡೊಂದನ್ನು ತಂದವರಿಗೆ ಬರೀ 98 ಸೆಂಟಿಗೆ ಬೇಸ್‌ಬಾಲ್ ಪಂದ್ಯದ ಟಿಕೆಟ್ ಎಂದು ಪ್ರಚಾರ ಮಾಡಿದರು. ಎರಡು ಪಂದ್ಯಗಳ ನಡುವೆ ಕಾಮಿಸ್ಕಿ ಪಾರ್ಕ್ ಕ್ರೀಡಾಂಗಣದಲ್ಲಿ ಆ ರೆಕಾರ್ಡುಗಳನ್ನು ಸಿಡಿಮದ್ದಿಟ್ಟು ಸ್ಫೋಟಿಸಲಾಯಿತು. ಜನ ಮೈದಾನಕ್ಕೆ ನುಗ್ಗಿದ್ದರಿಂದ ಎರಡನೆಯ ಪಂದ್ಯ ನಡೆಯಲೇ ಇಲ್ಲ. ಆ ದಿನ ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕರಿಯ ಹುಡುಗ, ಜನ ತಂದಿದ್ದ ರೆಕಾರ್ಡುಗಳಲ್ಲಿ ಡಿಸ್ಕೊ ಅಲ್ಲದ ಕರಿಯ ಗಾಯಕರ ರೆಕಾರ್ಡುಗಳೂ ಇದ್ದುದನ್ನು ಗಮನಿಸಿದ. ದ್ವೇಷ ತಾಳದ ಮೇಲಷ್ಟೇ ಇರಲಿಲ್ಲ. ಐದು ವರ್ಷಗಳ ಬಳಿಕ, 1984ರಲ್ಲಿ, ಜೆಸ್ಸಿ ಸಾಂಡರ್ಸ್ ಹೊರತಂದ ‘ಆನ್ ಅಂಡ್ ಆನ್’ ರೆಕಾರ್ಡಿನ ಸಹರಚನೆಕಾರ ಇದೇ ಲಾರೆನ್ಸ್. ಮೊದಲ ಹೌಸ್ ರೆಕಾರ್ಡು ಎಂದು ಹಲವರು ಗುರುತಿಸುವುದು ಅದನ್ನೇ.

ಚರ್ಚಿನ ಕಂಠ, ಯಂತ್ರದ ತಾಳ

ಈ ಸಂಗೀತಕ್ಕೆ ನೀರೆರೆದ ಸೆಲೆಗಳು ಮೂರು ನಾಲ್ಕು. ಮೊದಲನೆಯದು ಕರಿಯರ ಚರ್ಚುಗಳ ಗಾಸ್ಪೆಲ್ ಗಾಯನ. ಮುಂದಾಳು ಒಂದು ಸಾಲು ಹಾಡುತ್ತಾನೆ, ಸಭೆ ಅದನ್ನು ಎತ್ತಿಕೊಳ್ಳುತ್ತದೆ, ಚಪ್ಪಾಳೆ ಸೇರುತ್ತದೆ, ವೇಗ ಏರುತ್ತದೆ. ಮಾದಪ್ಪನ ಕಂಸಾಳೆಯಲ್ಲಿ ಮುಮ್ಮೇಳದ ಸಾಲಿಗೆ ಹಿಮ್ಮೇಳ ಸೊಲ್ಲು ಕೊಡುವುದನ್ನು, ಶನಿವಾರದ ಭಜನೆಯಲ್ಲಿ ಒಬ್ಬರ ನಾಮಕ್ಕೆ ಎಲ್ಲರೂ ದನಿಗೂಡಿಸುವುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಈ ಗಾಯನ ಚರ್ಚಿನಿಂದ ಹೊರಬಂದು ಪ್ರೀತಿ, ವಿರಹ, ದುಡಿಮೆಗಳ ಹಾಡಾದಾಗ ಅದಕ್ಕೆ ‘ಸೋಲ್’, ಅಂದರೆ ಆತ್ಮ, ಎಂಬ ಹೆಸರು ಬಂತು. ಸೋಲ್‌ಫುಲ್ ಹೌಸ್‌ನ ‘ಸೋಲ್’ ಇದೇ. ನಕಲ್ಸ್ ಅವರಂತೂ ವೇರ್‌ಹೌಸನ್ನು ಚರ್ಚಿಗೇ ಹೋಲಿಸುತ್ತಿದ್ದರು.

ಎರಡನೆಯದು ಫಿಲಡೆಲ್ಫಿಯ ನಗರದ ವಾದ್ಯವೃಂದ. ಅಲ್ಲಿನ ಡ್ರಮ್ ವಾದಕ ಅರ್ಲ್ ಯಂಗ್ 1970ರ ದಶಕದ ಆರಂಭದಲ್ಲಿ ಬಾಸ್ ಡ್ರಮ್ಮನ್ನು ನಾಲ್ಕೂ ಮಾತ್ರೆಗಳಿಗೆ ಸಮನಾಗಿ ಹೊಡೆದು, ಹೈಹ್ಯಾಟ್ ಎಂಬ ಜೋಡಿ ತಾಳವನ್ನು ಆ ಏಟುಗಳ ನಡುವೆ ನುಡಿಸುವ ರೂಢಿ ತಂದರು. ಡಿಸ್ಕೊ ಆ ತಾಳದಲ್ಲಿ ನಡೆಯಿತು. ಹೌಸ್ ಅದನ್ನೇ ಬಳುವಳಿಯಾಗಿ ಪಡೆಯಿತು. ಮೂರನೆಯದು ಪೋರ್ಟೊರಿಕೊ, ಕ್ಯೂಬಾ ಕಡೆಯ ಸಾಲ್ಸಾ ಸಂಗೀತದ ಕೈಮದ್ದಲೆಗಳು.

ನಾಲ್ಕನೆಯದು ಜಪಾನಿನ ಯಂತ್ರ. ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808, 1983ರಲ್ಲಿ ಟಿಆರ್-909 ಎಂಬ ತಾಳಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ನಿಜವಾದ ಡ್ರಮ್ಮಿನ ಹಾಗೆ ಕೇಳುವುದಿಲ್ಲ ಎಂದು ಸಂಗೀತಗಾರರು ಅವನ್ನು ದೂರವಿಟ್ಟಿದ್ದರಿಂದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕವು. ವಾದ್ಯವೃಂದಕ್ಕೆ ಸಂಬಳ ಕೊಡಲು ಕೈಲಾಗದ ಷಿಕಾಗೋದ ಹುಡುಗರಿಗೆ ಅದೇ ಅನುಕೂಲವಾಯಿತು. ಅಂಚೆ ಕಚೇರಿಯ ನೌಕರರಾಗಿದ್ದ ಮಾರ್ಷಲ್ ಜೆಫರ್ಸನ್ 1986ರಲ್ಲಿ ‘ಮೂವ್ ಯುವರ್ ಬಾಡಿ’ ರೆಕಾರ್ಡಿನ ಮೂಲಕ ಹೌಸ್‌ಗೆ ಪಿಯಾನೊ ತಂದರು. ಅದೇ ವರ್ಷ ಲ್ಯಾರಿ ಹರ್ಡ್ ಎಂಬ ಡ್ರಮ್ ವಾದಕರ ‘ಕ್ಯಾನ್ ಯೂ ಫೀಲ್ ಇಟ್’ ಬಂತು. ಯಂತ್ರದ ತಾಳದ ಮೇಲೆಯೂ ಮೃದುವಾದ, ಆಳವಾದ ಭಾವ ಹುಟ್ಟಿಸಬಹುದೆಂದು ಅದು ತೋರಿಸಿಕೊಟ್ಟಿತು.

ಕೈಯಲ್ಲೇನು ಕೆಲಸ?

ಇವೆಲ್ಲವನ್ನೂ ಬೆಸೆದವರು ಡಿ.ಜೆ.ಗಳು. ಅವರ ಮುಂದೆ ಎರಡು ರೆಕಾರ್ಡು ಪ್ಲೇಯರು, ನಡುವೆ ಒಂದು ಮಿಕ್ಸರ್, ಕಿವಿಗೆ ಹೆಡ್‌ಫೋನ್. ಒಂದು ರೆಕಾರ್ಡು ಸಭೆಗೆ ಕೇಳುತ್ತಿರುವಾಗ ಎರಡನೆಯದು ಡಿ.ಜೆ. ಕಿವಿಗೆ ಮಾತ್ರ ಕೇಳುತ್ತಿರುತ್ತದೆ. ಎರಡರ ತಾಳವನ್ನೂ ಒಂದೇ ನಡೆಗೆ ತಂದು, ಜನಕ್ಕೆ ಗೊತ್ತೇ ಆಗದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು.

ಹೌಸ್ ಹಾಡುಗಳ ನಡೆ ನಿಮಿಷಕ್ಕೆ ಸುಮಾರು 120 ಏಟು, ಅಂದರೆ ಸೆಕೆಂಡಿಗೆ ಎರಡು. ಈಗ ನುಡಿಯುತ್ತಿರುವ ಹಾಡು 122ರಲ್ಲಿದ್ದು ಮುಂದಿನದು 118ರಲ್ಲಿದೆ ಎನ್ನೋಣ. ಆ ಎರಡನೆಯದನ್ನು ಶೇಕಡ 3.4ರಷ್ಟು ಬೇಗ ತಿರುಗಿಸಿದರೆ ಎರಡೂ ಜೊತೆಯಾಗುತ್ತವೆ. 1979ರಲ್ಲಿ ಬಂದ ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಎಂಕೆ-2 ಪ್ಲೇಯರಿನಲ್ಲಿ ವೇಗವನ್ನು ಶೇಕಡ 8ರಷ್ಟು ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಇತ್ತು. ಆದರೆ ರೆಕಾರ್ಡಿನ ವೇಗ ಹೆಚ್ಚಿಸಿದರೆ ಶ್ರುತಿಯೂ ಏರುತ್ತದೆ. ಸುಮಾರು ಶೇಕಡ 6 ಹೆಚ್ಚಿಸಿದರೆ ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ ಹೋದಂತೆ. ಬರೀ ತಾಳದ ಹಾಡಾದರೆ ನಡೆದೀತು. ಮನುಷ್ಯ ಕಂಠವಿದ್ದರೆ ಕೀರಲಾಗುತ್ತದೆ. ಆದ್ದರಿಂದಲೇ ಗಾಯನ ಪ್ರಧಾನವಾದ ಸೋಲ್‌ಫುಲ್ ಹೌಸ್ ನುಡಿಸುವವರಿಗೆ ತಾಳಜ್ಞಾನದಷ್ಟೇ ಶ್ರುತಿಜ್ಞಾನವೂ ಬೇಕು. ಇಂದು ಕಂಪ್ಯೂಟರು ಈ ಲೆಕ್ಕವನ್ನು ತಾನೇ ಮಾಡಿಬಿಡುತ್ತದೆ. ಯಾವ ಹಾಡಿನ ಬಳಿಕ ಯಾವ ಹಾಡು ಎಂಬ ತೀರ್ಮಾನ ಮಾತ್ರ ಎದುರಿನ ಜನರ ಮುಖ ನೋಡಿ ಮಾಡಬೇಕಾದದ್ದೇ.

ಏರಿಳಿತದ ಬದುಕು

ಲೆವಾನ್ ಹೆಸರು ಮಾಡಿದ್ದು ನ್ಯೂಯಾರ್ಕಿನ ಕಿಂಗ್ ಬೀದಿಯಲ್ಲಿದ್ದ ‘ಪ್ಯಾರಡೈಸ್ ಗ್ಯಾರೇಜ್’ನಲ್ಲಿ. ಅದು ಹೆಸರಿಗೆ ತಕ್ಕಂತೆ ಮೋಟಾರು ನಿಲ್ಲಿಸುತ್ತಿದ್ದ ಕಟ್ಟಡ. ರಿಚರ್ಡ್ ಲಾಂಗ್ ಎಂಬ ತಜ್ಞರು ಅಲ್ಲಿನ ಧ್ವನಿ ವ್ಯವಸ್ಥೆ ರೂಪಿಸಿದ್ದರು. ಗಾಯಕಿ ಉಸಿರೆಳೆದುಕೊಳ್ಳುವುದೂ ಕೇಳಬೇಕೆಂದು ಲೆವಾನ್ ಧ್ವನಿವರ್ಧಕಗಳ ಹದವನ್ನು ತಾವೇ ಮತ್ತೆ ಮತ್ತೆ ತಿದ್ದುತ್ತಿದ್ದರು. 1982ರಲ್ಲಿ, ಏಡ್ಸ್ ಎಂಬ ಹೆಸರೂ ಬಾರದ ಕಾಲದಲ್ಲಿ, ಆ ಕಾಯಿಲೆಗೆ ತುತ್ತಾದವರ ನೆರವಿಗಾಗಿ ಮೊದಮೊದಲ ನಿಧಿಸಂಗ್ರಹ ಕಾರ್ಯಕ್ರಮವೊಂದು ನಡೆದದ್ದೂ ಇದೇ ಗ್ಯಾರೇಜಿನಲ್ಲಿ. ಅಲ್ಲಿ ಕುಣಿಯುತ್ತಿದ್ದವರಲ್ಲಿ ಹಲವರು ಆ ದಶಕ ಮುಗಿಯುವಷ್ಟರಲ್ಲಿ ಬದುಕಿರಲಿಲ್ಲ. 1987ರಲ್ಲಿ ಗ್ಯಾರೇಜ್ ಮುಚ್ಚಿತು. ನೆಲೆ ತಪ್ಪಿದ ಲೆವಾನ್ ವ್ಯಸನ, ಅನಾರೋಗ್ಯಗಳಲ್ಲಿ ಕುಗ್ಗಿ 1992ರಲ್ಲಿ, 38ನೇ ವಯಸ್ಸಿಗೆ ತೀರಿಕೊಂಡರು. ನುಡಿಸುವ ಜಾಗವೇ ಆ ಕಲಾವಿದನ ವಾದ್ಯವಾಗಿತ್ತು. ಅದು ಹೋದ ಮೇಲೆ ಕಲೆಯೂ ಉಳಿಯಲಿಲ್ಲ.

ನಕಲ್ಸ್ ದಾರಿ ಬೇರೆಯಾಯಿತು. ಇಷ್ಟವಾದ ಹಾಡುಗಳ ಟೇಪನ್ನು ಕತ್ತರಿಸಿ ಅಂಟಿಸಿ, ಕುಣಿತಕ್ಕೆ ಒಗ್ಗುವ ಭಾಗವನ್ನು ಉದ್ದ ಮಾಡುತ್ತಿದ್ದ ಅವರು ಸ್ಟುಡಿಯೋಗೆ ಕಾಲಿಟ್ಟು, ಹೆಸರಾಂತ ಗಾಯಕರ ಹಾಡುಗಳನ್ನು ಮರುಜೋಡಿಸುವ ‘ರೀಮಿಕ್ಸ್’ ಕೆಲಸದಲ್ಲಿ ಪಳಗಿದರು. ಗ್ರ್ಯಾಮಿ ಪ್ರಶಸ್ತಿಯವರು 1998ರಲ್ಲಿ ರೀಮಿಕ್ಸ್ ಕಲಾವಿದರಿಗೆ ಮೊದಲ ಬಾರಿಗೆ ಪ್ರಶಸ್ತಿ ಕೊಟ್ಟಾಗ ಅದು ಸಂದದ್ದು ಅವರಿಗೆ. ವೇರ್‌ಹೌಸ್ ಇದ್ದ ಬೀದಿಯ ಭಾಗಕ್ಕೆ 2004ರಲ್ಲಿ ಅವರ ಹೆಸರಿಟ್ಟರು. 2014ರಲ್ಲಿ ಅವರು ನಿಧನರಾದರು. 2023ರಲ್ಲಿ ಷಿಕಾಗೋ ನಗರ ಆ ಹಳೆಯ ಕಟ್ಟಡವನ್ನೇ ರಕ್ಷಿತ ಸ್ಮಾರಕವಾಗಿ ಘೋಷಿಸಿತು. ರೆಕಾರ್ಡುಗಳಿಗೆ ಬೆಂಕಿಯಿಟ್ಟ ಊರೇ ರೆಕಾರ್ಡು ಹಾಕಿದ ಜಾಗಕ್ಕೆ ಈ ಸ್ಮಾರಕದ ಗೌರವ ಸಲ್ಲಿಸಲು ನಾಲ್ಕು ದಶಕಗಳಿಗೂ ಮೀರಿದ ಕಾಲ ಬೇಕಾಯಿತು.

ಮುಂದಿನ ಪೀಳಿಗೆಯ ಲೂಯಿ ವೇಗಾ ಬ್ರಾಂಕ್ಸ್‌ನ ಪೋರ್ಟೊರಿಕೊ ಕುಟುಂಬದವರು. ಸಾಲ್ಸಾ ಗಾಯಕ ಎಕ್ತೋರ್ ಲವೋ ಅವರ ಸೋದರಳಿಯ. ಕೆನ್ನಿ ಗೊನ್ಸಾಲೆಸ್ ಜೊತೆಗೂಡಿ 1997ರಲ್ಲಿ ‘ನ್ಯೂಯೋರಿಕನ್ ಸೋಲ್’ ಎಂಬ ಆಲ್ಬಂ ತಂದಾಗ ಟೀಟೊ ಪುಯೆಂತೆ, ಜಾರ್ಜ್ ಬೆನ್ಸನ್‌ರಂಥ ಹಿರಿಯ ವಾದಕರನ್ನೇ ಅದರಲ್ಲಿ ನುಡಿಸಿದರು. ಬಾಲ್ಯದಲ್ಲಿ ಮನೆಯಲ್ಲಿ ಕೇಳಿದ ಸಂಗೀತವನ್ನು ಕುಣಿತದ ಅಂಗಳಕ್ಕೆ ಕರೆತಂದ ಹಾಗಾಯಿತು.

ದಕ್ಷಿಣ ಆಫ್ರಿಕದ ಎನ್‌ಕೋಸಿನಾಥಿ ಮಾಪುಮುಲೊ ಅವರದು ಇನ್ನೂ ದೂರದ ಪಯಣ. ‘ಬ್ಲ್ಯಾಕ್ ಕಾಫಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು ಜಾಝ್ ಓದಿದವರು. 1990ರ ಫೆಬ್ರುವರಿಯಲ್ಲಿ ನೆಲ್ಸನ್ ಮಂಡೇಲಾ ಬಿಡುಗಡೆಯ ಸಂಭ್ರಮದಲ್ಲಿದ್ದ ಗುಂಪಿನ ಮೇಲೆ ವಾಹನವೊಂದು ನುಗ್ಗಿದಾಗ, 13 ವರ್ಷದ ಈ ಹುಡುಗನ ಎಡಗೈ ಶಕ್ತಿ ಕಳೆದುಕೊಂಡಿತು. ಎರಡು ಕೈಗೂ ಬಿಡುವಿರದ ಕೆಲಸವನ್ನು ಅವರು ಒಂದೇ ಕೈಯಲ್ಲಿ ಮಾಡುತ್ತ ಬಂದು, 2022ರಲ್ಲಿ ‘ಸಬ್‌ಕಾನ್ಷಿಯಸ್‌ಲಿ’ ಆಲ್ಬಂಗೆ ಗ್ರ್ಯಾಮಿ ಪಡೆದರು.

ಅಂಗಳವಿಲ್ಲದ ರೆಕಾರ್ಡು

ನಮ್ಮ ದೇಶದ ಕತೆಯೊಂದು ಇಲ್ಲಿ ಉಲ್ಲೇಖನೀಯ. 1982ರಲ್ಲಿ ಮುಂಬಯಿಯ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ ಅವರು ಭೈರವಿ, ಯಮನ್, ಮಾಲ್‌ಕೌಂಸ್ ಮೊದಲಾದ 10 ರಾಗಗಳನ್ನು ರೋಲ್ಯಾಂಡ್ ಯಂತ್ರಗಳ ತಾಳಕ್ಕೆ ಅಳವಡಿಸಿ ಒಂದು ರೆಕಾರ್ಡು ಮಾಡಿದರು. ಟಿಬಿ-303 ಎಂಬ ಬಾಸ್ ಯಂತ್ರದಿಂದ ಅವರು ಹೊರಡಿಸಿದ ನಾದವನ್ನೇ ಹೋಲುವ ನಾದ, ಇವರ ಪರಿಚಯವೇ ಇಲ್ಲದ ಷಿಕಾಗೋದ ಹುಡುಗರ ಕೈಯಲ್ಲಿ 1987ರಲ್ಲಿ ‘ಆ್ಯಸಿಡ್ ಹೌಸ್’ ಎಂಬ ಹೆಸರಿನಿಂದ ಹೊರಬಿತ್ತು. ಚರಣ್‌ಜಿತ್ ಅವರ ರೆಕಾರ್ಡು ಮಾತ್ರ ಮಾರಾಟವಾಗದೆ ಮೂಲೆ ಸೇರಿತ್ತು. 2010ರಲ್ಲಿ ವಿದೇಶದಲ್ಲಿ ಮರುಮುದ್ರಣಗೊಂಡ ಮೇಲೆ ಜಗತ್ತು ಬೆರಗಾಯಿತು. 2015ರಲ್ಲಿ ಅವರು ನಿಧನರಾದರು.

ಯಂತ್ರ ಅದೇ, ಸಂಗೀತಗಾರನೂ ಪಳಗಿದವರೇ. ಇಲ್ಲಿ ಇಲ್ಲದಿದ್ದದ್ದು, ಆ ರೆಕಾರ್ಡನ್ನು ವಾರವಾರವೂ ಹಾಕಿ ಜನರ ಕಿವಿಗೆ ಒಗ್ಗಿಸುವ ಡಿ.ಜೆ. ಮತ್ತು ಅದಕ್ಕೆ ಕುಣಿಯುವ ಒಂದು ಅಂಗಳ.

ಬೆಂಗಳೂರಿನ ಗಡಿಯಾರ

ಬೆಂಗಳೂರಿಗೆ ಆ ಅಂಗಳ ಬಂದದ್ದು ಹೋಟೆಲು, ಪಬ್ಬುಗಳ ಮೂಲಕ. ಕಾಲೇಜು ಹುಡುಗ ಹುಡುಗಿಯರಿಗಾಗಿ ಮಧ್ಯಾಹ್ನದ ‘ಜಾಮ್ ಸೆಷನ್’ಗಳು ನಡೆಯುತ್ತಿದ್ದವು. 1990ರ ದಶಕದಲ್ಲಿ ಕೆಂಗೇರಿ ಕಡೆಗೆ ಸಾಗುವ ಮೈಸೂರು ರಸ್ತೆಯ ‘ದಿ ಕ್ಲಬ್’ ಹೆಸರುವಾಸಿಯಾಗಿತ್ತು. ಹೀಗೆ ಇಲ್ಲಿ ಕುಣಿತ ಮೊದಲಿನಿಂದಲೂ ಮದ್ಯದ ಪರವಾನಗಿಯ ನೆರಳಿನಲ್ಲಿ ಬೆಳೆಯಿತು. ಲಾಫ್ಟ್, ವೇರ್‌ಹೌಸ್, ಗ್ಯಾರೇಜ್ ಮೂರರಲ್ಲೂ ಮದ್ಯ ಮಾರುತ್ತಿರಲಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

2005ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿ ಹೊರಡಿಸಿದ ಆದೇಶವೊಂದು ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್‌ಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಪ್ರತ್ಯೇಕ ಪರವಾನಗಿ ಕಡ್ಡಾಯ ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇನ್ನು ಸಮಯ. 2014ರವರೆಗೆ ನಗರದ ಬಾರುಗಳು ರಾತ್ರಿ 11.30ಕ್ಕೆ ಮುಚ್ಚಬೇಕಿತ್ತು. ಆ ವರ್ಷ ವಾರಾಂತ್ಯಕ್ಕೆ ಮಾತ್ರ, 2016ರಲ್ಲಿ ಎಲ್ಲ ದಿನಗಳಿಗೂ 1 ಗಂಟೆಯವರೆಗೆ ವಿಸ್ತರಣೆಯಾಯಿತು. ನಿಧಾನವಾಗಿ ಏರಿ, ಇಳಿದು, ಮತ್ತೆ ಏರುವ ಹತ್ತು ಗಂಟೆಗಳ ಸಂಗೀತವನ್ನು ಎರಡು ಮೂರು ಗಂಟೆಗಳಲ್ಲಿ ಹಿಡಿಸುವುದು ಇಡೀ ರಾತ್ರಿಯ ಬಯಲಾಟವನ್ನು ಯುದ್ಧದ ಪ್ರಸಂಗವೊಂದಕ್ಕೇ ಇಳಿಸಿದಂತೆ. ಹೊತ್ತು ಕಡಿಮೆಯಾದಷ್ಟೂ ಎಲ್ಲರಿಗೂ ಗೊತ್ತಿರುವ ಅಬ್ಬರದ ಹಾಡುಗಳಿಗೇ ಬೇಡಿಕೆ ಹೆಚ್ಚುತ್ತದೆ. ಮೃದುವಾದ ಸೋಲ್‌ಫುಲ್ ಹೌಸ್ ಹಿಂದೆ ಸರಿಯುತ್ತದೆ.

ಇದಕ್ಕೆ ಹಗಲಿನಲ್ಲಿ ಪರಿಹಾರ ಹುಡುಕಿದವರೂ ಇದ್ದಾರೆ. ನ್ಯೂಯಾರ್ಕಿನಲ್ಲಿ 1996ರಿಂದ 2002ರವರೆಗೆ ಮೂವರು ಡಿ.ಜೆ.ಗಳು ‘ಬಾಡಿ ಅಂಡ್ ಸೋಲ್’ ಎಂಬ ಕೂಟವನ್ನು ಭಾನುವಾರದ ಮಧ್ಯಾಹ್ನಗಳಲ್ಲೇ ನಡೆಸಿದರು. ಸೋಲ್‌ಫುಲ್ ಹೌಸ್ ಪ್ರಿಯರು ಅದನ್ನು ಇಂದಿಗೂ ನೆನೆಯುತ್ತಾರೆ.

ಇನ್ನು ಬೀದಿಯ ‘ಡಿ.ಜೆ.’ ಮಾತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದೂ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದೂ 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾದಂತೆ. ಹಾಸಿಗೆ ಹಿಡಿದ ಅಜ್ಜ, ತೊಟ್ಟಿಲ ಮಗು, ಪರೀಕ್ಷೆಗೆ ಓದುವ ಹುಡುಗಿ ಇರುವ ಬೀದಿಯಲ್ಲಿ ಈ ನಿಯಮ ಜಾರಿಯಾಗಲೇಬೇಕು. ಆದರೆ ಅಲ್ಲಿ ತಡೆಯಬೇಕಾದದ್ದು ಪೆಟ್ಟಿಗೆಗಳ ಅಬ್ಬರವನ್ನು. ಅದಕ್ಕೆ ‘ಡಿ.ಜೆ. ನಿಷೇಧ’ ಎಂದು ಹೆಸರಿಟ್ಟಾಗ ಒಂದು ಕಸುಬಿನ ಹೆಸರೇ ಅಪರಾಧದ ಹೆಸರಾಗುತ್ತದೆ. ಬಸವೇಶ್ವರನಗರದ ಮಹಡಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಹಳೆಯ ಹಾಡೊಂದನ್ನು ಹೊಸದರ ಪಕ್ಕಕ್ಕಿಟ್ಟು ಶ್ರುತಿ ಕೂಡುತ್ತದೆಯೇ ಎಂದು ಕಿವಿಗೊಡುವ ಹುಡುಗನೋ ಹುಡುಗಿಯೋ ತಾನು ಕಲಿಯುತ್ತಿರುವುದೇನೆಂದು ಮನೆಯವರಿಗೆ ಹೇಳಲು ಹಿಂಜರಿಯಬೇಕಾಗುತ್ತದೆ. ಹೆಡ್‌ಫೋನಿನಲ್ಲಿ ನಡೆಯುವ ಆ ಅಭ್ಯಾಸ ಪಕ್ಕದ ಕೋಣೆಗೂ ಕೇಳಿಸುವುದಿಲ್ಲ.